ಸಂಪಂಗಿ ಕೆರೆಯಿಂದ ಕಂಠೀರವದವರೆಗೆ

ಬೆಂಗಳೂರಿನ ಕ್ರೀಡಾಂಗಣಗಳ ಚರಿತ್ರೆ ಬರೆಯಹೊರಟವರು ಮೊದಲು ಊರಿನ ಕೆರೆಗಳ ಪಟ್ಟಿಯನ್ನು ಮುಂದಿಟ್ಟುಕೊಳ್ಳಬೇಕು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ನಿಂತಿರುವುದು ಶೂಲೆ ಕೆರೆಯ ಜಾಗದಲ್ಲಿ. ಅಕ್ಕಿತಿಮ್ಮನಹಳ್ಳಿ ಕೆರೆ ಹೋಗಿ ಹಾಕಿ ಕ್ರೀಡಾಂಗಣ ಬಂತು. ಚಲ್ಲಘಟ್ಟ ಕೆರೆಯ ಅಂಗಳದಲ್ಲಿ ಈಗ ಗಾಲ್ಫ್ ಆಡುತ್ತಾರೆ. ಧರ್ಮಾಂಬುಧಿ ಕೆರೆಯ ಪಾಲಿಗೆ ಆಟದ ಭಾಗ್ಯವೂ ಇರಲಿಲ್ಲ. ಅದು ಬಸ್ ನಿಲ್ದಾಣವಾಯಿತು. ಈ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ವೇಷ ಬದಲಿಸಿದ್ದು ಸಂಪಂಗಿ ಕೆರೆ. ಕಬ್ಬನ್ ಉದ್ಯಾನದ ಒತ್ತಿನಲ್ಲಿ, ಹಡ್ಸನ್ ವೃತ್ತದಿಂದ ಕೂಗಳತೆಯಲ್ಲಿದ್ದ ಆ ಕೆರೆಯ ಮೇಲೆ ಇಂದು ಶ್ರೀ ಕಂಠೀರವ ಕ್ರೀಡಾಂಗಣವಿದೆ.

ಇಲ್ಲಿ ಓಡುತ್ತಾರೆ, ಜಿಗಿಯುತ್ತಾರೆ, ಭರ್ಚಿ ಎಸೆಯುತ್ತಾರೆ. ಫುಟ್‌ಬಾಲ್ ಆಡುತ್ತಾರೆ. ಪಕ್ಕದ ಒಳಾಂಗಣದಲ್ಲಿ ಕಬಡ್ಡಿ, ಬ್ಯಾಸ್ಕೆಟ್‌ಬಾಲ್ ನಡೆಯುತ್ತವೆ. ಮುಖ್ಯಮಂತ್ರಿಗಳು ಇಲ್ಲಿ ಪ್ರಮಾಣವಚನ ಸ್ವೀಕರಿಸಿದ್ದಾರೆ. ನಾಡು ತನ್ನ ಮೆಚ್ಚಿನ ನಟರಿಗೆ ಇಲ್ಲಿ ಕೊನೆಯ ನಮಸ್ಕಾರ ಸಲ್ಲಿಸಿದೆ. ‘ಬಹುಪಯೋಗಿ ಕ್ರೀಡಾಂಗಣ’ ಎಂದು ಸರ್ಕಾರಿ ಕಡತಗಳು ಬರೆಯುವ ಮಾತು ಕಂಠೀರವದ ಮಟ್ಟಿಗೆ ಅಕ್ಷರಶಃ ನಿಜ. ಆ ಬಹು ಉಪಯೋಗಗಳ ನಡುವೆ ನಡೆದ ಎಳೆದಾಟವೇ ಈ ಜಾಗದ ಚರಿತ್ರೆ. ಅದು ಕ್ರೀಡಾಂಗಣ ಕಟ್ಟುವುದಕ್ಕೆ ಬಹಳ ಮೊದಲೇ, ಇಲ್ಲಿ ನೀರು ನಿಲ್ಲುತ್ತಿದ್ದ ಕಾಲದಲ್ಲೇ ಶುರುವಾಗಿತ್ತು.

ನೀರು ಬೇಕೆಂದವರು, ಒಣನೆಲ ಬೇಕೆಂದವರು

ಸಂಪಂಗಿ ಕೆರೆ ಕೆಂಪೇಗೌಡರ ಕಾಲದ್ದೆಂಬ ಪ್ರತೀತಿ ಇದೆ. ಹಳೆಯ ಪೇಟೆಯ ಕೋಟೆಗೋಡೆಗಳ ಆಚೆಗಿದ್ದ ಈ ಕೆರೆಯ ಸುತ್ತ ತಿಗಳ ಸಮುದಾಯದವರ ತೋಟಗಳಿದ್ದವು. ಹೂವು, ತರಕಾರಿ ಬೆಳೆದು ಪೇಟೆಗೆ ಒದಗಿಸುತ್ತಿದ್ದರು. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದು ನೆಲೆಯೂರಿತು. ಅಲ್ಲಿಂದ ಮುಂದೆ ಕೆರೆಯ ಒಂದು ದಿಕ್ಕಿಗೆ ಪೇಟೆ, ಇನ್ನೊಂದು ದಿಕ್ಕಿಗೆ ದಂಡು ಪ್ರದೇಶ. ಎರಡು ಆಡಳಿತ, ಎರಡು ಜೀವನಕ್ರಮಗಳ ನಡುವಣ ಗಡಿಯಲ್ಲಿ ಸಂಪಂಗಿ ಕೆರೆ ಸಿಕ್ಕಿಕೊಂಡಿತು.

ಬೆಂಗಳೂರಿನ ಕೆರೆಗಳು ಒಂದೇ ಕೆಲಸಕ್ಕೆಂದು ಇದ್ದವಲ್ಲ. ಕುಡಿಯುವ ನೀರು, ತೋಟದ ನೀರು, ದನಕರುಗಳ ನೀರು, ಅಗಸರ ಕಲ್ಲು, ಇಟ್ಟಿಗೆಗೆ ಬೇಕಾದ ಮಣ್ಣು, ಮೀನು, ಹುಲ್ಲು, ಪೂಜೆ ಎಲ್ಲವೂ ಅಲ್ಲೇ. ಯಾರು ಯಾವಾಗ ಎಷ್ಟು ಬಳಸಬೇಕೆಂಬುದು ರೂಢಿಯಿಂದ ನಡೆಯುತ್ತಿತ್ತು. ದಂಡಿನ ಆಡಳಿತ ಬಂದ ಮೇಲೆ ಆ ರೂಢಿಗೆ ಪೆಟ್ಟು ಬಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳ ದಾಖಲೆಗಳಲ್ಲಿ ಈ ಕೆರೆಯನ್ನು ಕುರಿತ ತಕರಾರುಗಳು ಕಾಣಿಸಿಕೊಳ್ಳುತ್ತವೆ. ತೋಟಗಾರರಿಗೆ ಕೆರೆ ತುಂಬಬೇಕಿತ್ತು. ದಂಡಿನ ಕುದುರೆ ಸವಾರರಿಗೆ ಪೋಲೊ ಆಡಲು ಕೆರೆಯಂಗಳ ಒಣಗಿರಬೇಕಿತ್ತು. ಇಟ್ಟಿಗೆ ಕೊಯ್ಯುವವರದು ಮತ್ತೊಂದು ಬೇಡಿಕೆ. ಒಂದೇ ನೆಲವನ್ನು ಮೂರು ಬಗೆಯ ಜನ ಮೂರು ಕಾರಣಕ್ಕೆ ಬಯಸಿದಾಗ ಏನಾಗುತ್ತದೆ ಎಂಬುದನ್ನು ಸಂಪಂಗಿ ಅಂದೇ ತೋರಿಸಿಕೊಟ್ಟಿತು.

ಕೆರೆಯ ಹಣೆಬರಹವನ್ನು ನಿಜವಾಗಿ ತೀರ್ಮಾನಿಸಿದ್ದು ದೂರದ ಹೆಸರಘಟ್ಟ. 1896ರಲ್ಲಿ ಅರ್ಕಾವತಿಯ ನೀರು ಹೆಸರಘಟ್ಟದಿಂದ ಕೊಳವೆಯಲ್ಲಿ ನಗರಕ್ಕೆ ಹರಿದು ಬಂತು. ಊರಿಗೆ ಊರೇ ಸಂಭ್ರಮಿಸಿದ ಆ ಗಳಿಗೆ ಊರೊಳಗಿನ ಕೆರೆಗಳಿಗೆ ಮುಳುವಾಯಿತು. ಕುಡಿಯಲು ಬೇಡವಾದ ನೀರನ್ನು ಕಾಯುವವರಾರು? ಕೆರೆಗೆ ನೀರು ತರುತ್ತಿದ್ದ ಕಾಲುವೆಗಳ ದಾರಿಯಲ್ಲಿ ರಸ್ತೆ, ಕಟ್ಟಡಗಳು ಬಂದವು. ಅಂಗಳ ವರ್ಷದಲ್ಲಿ ಹೆಚ್ಚು ಕಾಲ ಒಣಗಿಯೇ ಇರತೊಡಗಿತು. 1930ರ ದಶಕ ಮುಗಿಯುವ ಹೊತ್ತಿಗೆ ಕೆರೆ ಎಂದು ಕರೆಯುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಉಳಿದದ್ದು ಒಂದು ಪುಟ್ಟ ಕೊಳ ಮಾತ್ರ.

ಆ ಕೊಳ ಉಳಿದದ್ದಕ್ಕೆ ಕಾರಣ ಕರಗ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಹೂವಿನ ಕರಗವನ್ನು ಎಲ್ಲರೂ ಬಲ್ಲರು. ಅದಕ್ಕೂ ಮುಂಚೆ ನಡೆಯುವ ಹಸಿ ಕರಗದ ವಿಧಿಗೆ ವಹ್ನಿಕುಲದ ವೀರಕುಮಾರರು ಬರುವುದು ಸಂಪಂಗಿ ಕೆರೆಯ ಅಂಗಳಕ್ಕೆ. ನೀರಾವರಿಯ ಹಕ್ಕು ಕಳೆದುಕೊಂಡ ಸಮುದಾಯ ಆಚರಣೆಯ ಹಕ್ಕನ್ನು ಬಿಟ್ಟುಕೊಡಲಿಲ್ಲ. ಹೀಗಾಗಿ ಕ್ರೀಡಾಂಗಣದ ಪಕ್ಕದಲ್ಲಿ ಇಂದಿಗೂ ಒಂದು ಕೊಳವಿದೆ, ವರ್ಷಕ್ಕೊಮ್ಮೆ ಅಲ್ಲಿ ಪೂಜೆ ನಡೆಯುತ್ತದೆ.

ಮಣ್ಣಿನ ಟ್ರ್ಯಾಕ್‌ನ ದಿನಗಳು

ಬತ್ತಿದ ಅಂಗಳ ಆಟದ ಬಯಲಾದದ್ದು 1940ರ ದಶಕದಲ್ಲಿ. ಮೈಸೂರು ಅರಸು ಮನೆತನದ ಕಂಠೀರವ ಎಂಬ ಹೆಸರು ಅದಕ್ಕೆ ಬಂತು. ಆ ಕಾಲದ ಮೈಸೂರು ಸಂಸ್ಥಾನಕ್ಕೆ ಆಟೋಟಗಳ ಬಗ್ಗೆ ಇದ್ದ ಹುಮ್ಮಸ್ಸು ಸಣ್ಣದಲ್ಲ. 1946ರಲ್ಲಿ ಬೆಂಗಳೂರು ರಾಷ್ಟ್ರೀಯ ಕ್ರೀಡಾಕೂಟಕ್ಕೆ ಆತಿಥ್ಯ ವಹಿಸಿತು. 1946-47ರ ಸಾಲಿನ ಸಂತೋಷ್ ಟ್ರೋಫಿ ಫುಟ್‌ಬಾಲನ್ನು ಮೈಸೂರು ತಂಡ ಗೆದ್ದುಕೊಂಡಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತ ಫುಟ್‌ಬಾಲ್ ತಂಡದಲ್ಲಿ ಅಹ್ಮದ್ ಖಾನ್, ಬಷೀರ್, ರಾಮನ್, ಧನರಾಜ್ ಮೊದಲಾದ ಬೆಂಗಳೂರಿನ ಹುಡುಗರಿದ್ದರು. ದಂಡು ಪ್ರದೇಶದ ಬೀದಿಗಳಲ್ಲಿ, ಬರಿಗಾಲಲ್ಲಿ ಆಟ ಕಲಿತ ಪೀಳಿಗೆ ಅದು.

ಅಥ್ಲೆಟಿಕ್ಸ್‌ಗೆ ಮಾತ್ರ ಬಯಲು ಸಾಲದು, ಅಳತೆಯ ಟ್ರ್ಯಾಕ್ ಬೇಕು. ನಗರದ ಓಟಗಾರರಿಗೆ ದಶಕಗಳ ಕಾಲ ಅದು ಸಿಕ್ಕಿದ್ದು ಕಂಠೀರವದಲ್ಲಿ. ಆಗಿನದು ಮಣ್ಣಿನ ಟ್ರ್ಯಾಕ್. ಮಳೆ ಬಂದರೆ ಕೆಸರು, ಬೇಸಿಗೆಯಲ್ಲಿ ದೂಳು. ಸುಣ್ಣದ ಗೆರೆ ಎಳೆದು ಲೇನ್ ಮಾಡಬೇಕು. ಅಂಥ ಮಣ್ಣಿನಲ್ಲೇ 1980ರ ದಶಕದ ಕರ್ನಾಟಕದ ಮಹಿಳಾ ಅಥ್ಲೆಟಿಕ್ಸ್ ಅರಳಿತು. ಕೊಡಗಿನ ಅಶ್ವಿನಿ ನಾಚಪ್ಪ, ವಂದನಾ ರಾವ್, ರೀತ್ ಅಬ್ರಹಾಂ ಅವರ ಹೆಸರುಗಳು ದೇಶದ ಕ್ರೀಡಾಪುಟಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡ ಕಾಲ ಅದು. 1986ರ ಸೋಲ್ ಏಷ್ಯನ್ ಕ್ರೀಡಾಕೂಟದ 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಪಿ.ಟಿ. ಉಷಾ ಜೊತೆ ವಂದನಾ ರಾವ್ ಕೂಡ ಓಡಿದ್ದರು.

ಅಷ್ಟರಲ್ಲಿ ಜಗತ್ತು ಮಣ್ಣನ್ನು ಬಿಟ್ಟು ಬಹಳ ಮುಂದೆ ಹೋಗಿತ್ತು. 1968ರ ಮೆಕ್ಸಿಕೊ ಒಲಿಂಪಿಕ್ಸ್ ಸಿಂಥೆಟಿಕ್ ಟ್ರ್ಯಾಕ್ ಮೇಲೆ ನಡೆದ ಮೊದಲ ಒಲಿಂಪಿಕ್ಸ್. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಜವಾಹರಲಾಲ್ ನೆಹರೂ ಕ್ರೀಡಾಂಗಣ ಎದ್ದಿತು, 1984ರಲ್ಲಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ ಬಂತು. ನಡುವೆ ಹುಲ್ಲಿನ ಮೈದಾನ, ಸುತ್ತ ರಬ್ಬರಿನ ಟ್ರ್ಯಾಕ್, ಅದರ ಸುತ್ತ ಕಾಂಕ್ರೀಟಿನ ಗ್ಯಾಲರಿ, ಮೇಲೆ ಹೊನಲು ಬೆಳಕು: ದೊಡ್ಡ ಕ್ರೀಡಾಕೂಟ ನಡೆಸಬಯಸುವ ಪ್ರತಿ ರಾಜ್ಯವೂ ಇಂಥದೊಂದನ್ನು ಬಯಸತೊಡಗಿತು. ಕರ್ನಾಟಕಕ್ಕೆ ಆ ಸಂದರ್ಭ ಒದಗಿದ್ದು 1997ರಲ್ಲಿ.

1997: ಊರು ಕಟ್ಟಿಸಿದ ಕ್ರೀಡಾಕೂಟ

ರಾಷ್ಟ್ರೀಯ ಕ್ರೀಡಾಕೂಟಕ್ಕೆ ಒಲಿಂಪಿಕ್ಸ್ ಮಾದರಿಯ ಹೊಸ ರೂಪ ಬಂದದ್ದು 1985ರಲ್ಲಿ, ದೆಹಲಿಯಲ್ಲಿ. 1987ರಲ್ಲಿ ಕೇರಳ, 1994ರಲ್ಲಿ ಮಹಾರಾಷ್ಟ್ರ ಅದನ್ನು ನಡೆಸಿದವು. ನಾಲ್ಕನೆಯ ಸರದಿ ಕರ್ನಾಟಕದ್ದು. ಜೆ.ಎಚ್. ಪಟೇಲ್ ಆಗ ಮುಖ್ಯಮಂತ್ರಿ. ಬೆಂಗಳೂರು ಐ.ಟಿ. ನಗರವೆಂದು ಹೆಸರಾಗುತ್ತಿದ್ದ, ಆದರೆ ರಸ್ತೆ, ಸೇತುವೆಗಳು ಇನ್ನೂ ಹಳೆಯ ಊರಿನವೇ ಆಗಿದ್ದ ಹೊತ್ತು. ಕ್ರೀಡಾಕೂಟದ ನೆಪದಲ್ಲಿ ಊರಿಗೆ ಹಲವು ಕಟ್ಟಡಗಳು ಬಂದವು. ಕೋರಮಂಗಲದಲ್ಲಿ ಕ್ರೀಡಾಪಟುಗಳ ವಸತಿಗೆಂದು ಎದ್ದ ಬಹುಮಹಡಿ ಸಮುಚ್ಚಯ ಇಂದಿಗೂ ‘ನ್ಯಾಷನಲ್ ಗೇಮ್ಸ್ ವಿಲೇಜ್’ ಎಂಬ ಹೆಸರಿನಲ್ಲೇ ಇದೆ. ಅದರ ಕಟ್ಟಡಗಳಿಗೆ ನದಿಗಳ ಹೆಸರು. ಆಟಗಾರರು ಹೋದ ಮೇಲೆ ಅವು ಜನರ ಮನೆಗಳಾದವು.

ಕೂಟದ ಕೇಂದ್ರ ಕಂಠೀರವ. ಹಳೆಯ ಕ್ರೀಡಾಂಗಣ ಹೊಸದಾಗಿ ರೂಪುಗೊಂಡಿತು. ಎಂಟು ಲೇನಿನ ಸಿಂಥೆಟಿಕ್ ಟ್ರ್ಯಾಕ್ ಬಂತು, ಸುಮಾರು 25,000 ಜನ ಕೂರುವ ಗ್ಯಾಲರಿ ಬಂತು, ರಾತ್ರಿ ಸ್ಪರ್ಧೆಗೆ ದೀಪಗಳು ಬಂದವು. ಪಕ್ಕದಲ್ಲಿ ಒಳಾಂಗಣ ಕ್ರೀಡಾಂಗಣವೂ ಸಿದ್ಧವಾಯಿತು. 1997ರ ಮೇ ಮುಗಿದು ಜೂನ್ ಹುಟ್ಟುವ ಮಳೆಗಾಲದ ಬಾಗಿಲಲ್ಲಿ ಕ್ರೀಡಾಕೂಟ ನಡೆಯಿತು. ಕೆಲವು ಸ್ಪರ್ಧೆಗಳು ಮೈಸೂರಿಗೂ ಹೋದವು. ಪದಕ ಪಟ್ಟಿಯಲ್ಲಿ ಆತಿಥೇಯ ಕರ್ನಾಟಕವೇ ಮೊದಲ ಸ್ಥಾನ ಪಡೆಯಿತು.

ಬಹುತೇಕ ಕ್ರೀಡಾಕೂಟಗಳ ಚರಿತ್ರೆ ಇಲ್ಲಿಗೆ ಮುಗಿಯುತ್ತದೆ. ಜ್ಯೋತಿ ಆರಿದ ಮೇಲೆ ಕಾಂಕ್ರೀಟ್ ಗ್ಯಾಲರಿಯಲ್ಲಿ ಹುಲ್ಲು ಬೆಳೆಯುವುದು, ಬೀಗ ತುಕ್ಕು ಹಿಡಿಯುವುದು ಅನೇಕ ಊರುಗಳಲ್ಲಿ ಕಂಡ ಸಂಗತಿ. ಕಂಠೀರವಕ್ಕೆ ಆ ಗತಿ ಬರಲಿಲ್ಲ. ಅದು ಊರ ನಡುವೆ ಇತ್ತು ಎಂಬುದೇ ಮುಖ್ಯ ಕಾರಣ. ಮೆಜೆಸ್ಟಿಕ್, ಶಿವಾಜಿನಗರ, ಮಾರುಕಟ್ಟೆ ಎಲ್ಲಿಂದಲೂ ಹತ್ತಿರ. ಬೆಳಗಿನ ಬಸ್ ಹಿಡಿದು ಬರುವ ಬಡ ಹುಡುಗನೂ ಅಭ್ಯಾಸ ಮುಗಿಸಿ ಹೊತ್ತಿಗೆ ಸರಿಯಾಗಿ ಶಾಲೆ ಸೇರಬಹುದಿತ್ತು. 2008ರಲ್ಲಿ ಶುರುವಾದ ‘ವಿಶ್ವ 10ಕೆ’ ಓಟ ಈ ಅಂಗಳವನ್ನೇ ನೆಲೆ ಮಾಡಿಕೊಂಡಿತು. ಆಫ್ರಿಕಾದ ಪ್ರಖ್ಯಾತ ಓಟಗಾರರ ಹಿಂದೆಯೇ ನಗರದ ಸಾವಿರಾರು ಹವ್ಯಾಸಿಗಳು ಕಬ್ಬನ್ ಉದ್ಯಾನದ ಸುತ್ತಲಿನ ರಸ್ತೆಗಳಲ್ಲಿ ಓಡುವುದು ಪ್ರತಿ ಬೇಸಿಗೆಯ ನೋಟವಾಯಿತು.

ಒಂದು ಮೀಟರಿನ ಲೆಕ್ಕ

ಒಂದೇ ಅಂಗಳದಲ್ಲಿ ಓಟವನ್ನೂ ಫುಟ್‌ಬಾಲನ್ನೂ ನಡೆಸುವುದು ಎಷ್ಟು ಇಕ್ಕಟ್ಟಿನ ಕೆಲಸ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಅಂತರರಾಷ್ಟ್ರೀಯ ಪ್ರಮಾಣದ 400 ಮೀಟರ್ ಟ್ರ್ಯಾಕ್‌ನಲ್ಲಿ ಎರಡು ನೇರ ಭಾಗಗಳು, ತಲಾ 84.39 ಮೀಟರ್. ಎರಡು ತುದಿಗಳಲ್ಲಿ ಅರ್ಧವೃತ್ತದ ತಿರುವು, ತ್ರಿಜ್ಯ 36.5 ಮೀಟರ್. ಅಂದರೆ ಒಳಗೆ ಸಿಗುವ ಬಯಲಿನ ಅಗಲ 73 ಮೀಟರ್. ಅಂತರರಾಷ್ಟ್ರೀಯ ಫುಟ್‌ಬಾಲ್ ಮೈದಾನದ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಗಲಕ್ಕೆ ತೊಂದರೆಯಿಲ್ಲ. ಉದ್ದದಲ್ಲಿ ಮೈದಾನ ನೇರ ಭಾಗವನ್ನು ದಾಟಿ ಎರಡೂ ಕಡೆ ಹತ್ತು ಮೀಟರಿಗಿಂತ ಹೆಚ್ಚು ತಿರುವಿನೊಳಕ್ಕೆ ಚಾಚುತ್ತದೆ. ಅಲ್ಲಿ ಟ್ರ್ಯಾಕ್ ಒಳಕ್ಕೆ ಬಾಗುವುದರಿಂದ ಮೈದಾನದ ನಾಲ್ಕು ಮೂಲೆಗಳಿಗೂ ಟ್ರ್ಯಾಕ್‌ನ ಅಂಚಿಗೂ ನಡುವೆ ಉಳಿಯುವುದು ಸುಮಾರು ಒಂದೇ ಮೀಟರ್. ಕಾರ್ನರ್ ಕಿಕ್ ಹೊಡೆಯುವ ಆಟಗಾರ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಓಟಗಾರರ ಲೇನಿನಲ್ಲಿ ನಿಂತಿರುತ್ತಾನೆ. ಅವನ ಬೂಟಿನ ಮೊಳೆಗಳಿಂದ ಟ್ರ್ಯಾಕ್ ಕಾಪಾಡಲು ಅಲ್ಲಿ ಏನಾದರೂ ಹಾಸಬೇಕು.

ಹುಲ್ಲಿನದು ಇನ್ನೊಂದು ಕಥೆ. ಹ್ಯಾಮರ್ ಗುಂಡಿನ ತೂಕ ಪುರುಷರ ವಿಭಾಗದಲ್ಲಿ 7.26 ಕೆ.ಜಿ. ಅದು ಎತ್ತರದಿಂದ ಬಂದು ಬಿದ್ದಲ್ಲಿ ಹುಲ್ಲು ಕಿತ್ತು ಕುಳಿ ಬೀಳುತ್ತದೆ. ಎರಡು ಕೆ.ಜಿ.ಯ ಡಿಸ್ಕಸ್, ಚೂಪು ಮೂತಿಯ ಜಾವೆಲಿನ್ ಕೂಡ ಹುಲ್ಲಿಗೆ ಒಳ್ಳೆಯದು ಮಾಡುವುದಿಲ್ಲ. ಫುಟ್‌ಬಾಲ್ ಆಟಗಾರನಿಗೆ ಚೆಂಡು ನೇರವಾಗಿ ಉರುಳುವ ನುಣುಪಾದ ಹಾಸು ಬೇಕು. ಕುಳಿಯಲ್ಲಿ ಕಾಲು ಸಿಕ್ಕಿದರೆ ಹಿಮ್ಮಡಿ ಉಳುಕುತ್ತದೆ. ಪಂದ್ಯದ ಸಂಜೆ ಜಾಹೀರಾತು ಫಲಕ, ಕ್ಯಾಮೆರಾ, ಕೇಬಲ್ಲು, ಬದಲಿ ಆಟಗಾರರ ಆಸನಗಳೆಲ್ಲ ಬಂದು ಕೂರುವುದು ಟ್ರ್ಯಾಕ್ ಮೇಲೆಯೇ. ಪ್ರೇಕ್ಷಕರಿಗೂ ಒಂದು ಕೊರತೆ ಉಳಿಯುತ್ತದೆ: ಎಂಟು ಲೇನುಗಳಾಚೆ ಕುಳಿತವರಿಗೆ ಗೋಲು ಪೆಟ್ಟಿಗೆ ದೂರ.

ಹಣವಿರುವ ದೇಶಗಳು ಈ ಇಕ್ಕಟ್ಟಿನಿಂದ ಬೇರೆ ದಾರಿ ಹುಡುಕಿಕೊಂಡವು. ಮ್ಯೂನಿಕ್‌ನ ಬೇಯರ್ನ್ ಕ್ಲಬ್ಬು 1972ರ ಒಲಿಂಪಿಕ್ ಕ್ರೀಡಾಂಗಣವನ್ನು ತೊರೆದು 2005ರಲ್ಲಿ ಫುಟ್‌ಬಾಲಿಗೆಂದೇ ಕಟ್ಟಿದ ಅಂಗಳಕ್ಕೆ ಹೋಯಿತು. ಅಮೆರಿಕದಲ್ಲಿ 1970ರ ಆಸುಪಾಸಿನಲ್ಲಿ ಬೇಸ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್ ಎರಡಕ್ಕೂ ಸೇರಿ ಕಟ್ಟಿದ ಪಿಟ್ಸ್‌ಬರ್ಗ್, ಸಿನ್ಸಿನಾಟಿ, ಫಿಲಡೆಲ್ಫಿಯಾದ ಕ್ರೀಡಾಂಗಣಗಳನ್ನು 2001ರಿಂದ 2004ರೊಳಗೆ ಒಂದೊಂದಾಗಿ ಕೆಡವಿ, ಪ್ರತಿ ಆಟಕ್ಕೂ ಪ್ರತ್ಯೇಕ ಕ್ರೀಡಾಂಗಣ ಕಟ್ಟಿಕೊಂಡರು. ಬೆಂಗಳೂರಿಗೆ ಆ ಅನುಕೂಲವಿರಲಿಲ್ಲ. ಇದ್ದ ಒಂದೇ ಅಂಗಳವನ್ನು ಎರಡು ಮನೆಯವರು ಹಂಚಿಕೊಳ್ಳಬೇಕಾಯಿತು.

ನೀಲಿ ಅಂಗಿಗಳ ದಶಕ

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಮೂಹದ ಒಡೆತನದಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಕೋಚ್ ಆಶ್ಲೆ ವೆಸ್ಟ್‌ವುಡ್, ನಾಯಕ ಸುನಿಲ್ ಛೆಟ್ರಿ. ಮೊದಲ ವರ್ಷ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿದ ತಂಡ ಮೊದಲ ಯತ್ನದಲ್ಲೇ ಐ-ಲೀಗ್ ಗೆದ್ದು ದೇಶವನ್ನು ಬೆರಗುಗೊಳಿಸಿತು. ಮರುವರ್ಷ ತಂಡದ ತವರು ಕಂಠೀರವಕ್ಕೆ ಬದಲಾಯಿತು. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳ ಕಾಲ ಕಳೆದ ಮೇಲೆ ಮಂಕಾಗಿದ್ದ ಬೆಂಗಳೂರಿನ ಫುಟ್‌ಬಾಲಿಗೆ ಮತ್ತೆ ಜನ ಬಂದರು. ಪಶ್ಚಿಮ ಗ್ಯಾಲರಿಯಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗ ತೊಂಬತ್ತು ನಿಮಿಷವೂ ನಿಂತೇ ಹಾಡುವ ಪದ್ಧತಿ ತಂದಿತು.

2016ರ ಅಕ್ಟೋಬರ್ 19 ಆ ದಶಕದ ದೊಡ್ಡ ರಾತ್ರಿ. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಪಂದ್ಯ. ಎದುರಾಳಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೋಹರ್ ದಾರುಲ್ ತಾಜಿಮ್. ಅವರ ನೆಲದ ಪಂದ್ಯ 1-1 ಸಮವಾಗಿತ್ತು. ಕಂಠೀರವದಲ್ಲಿ ಮೊದಲು ಗೋಲು ಹೊಡೆದವರೂ ಅವರೇ. ಛೆಟ್ರಿ ಎರಡು ಗೋಲು ಹೊಡೆದರು, ರಕ್ಷಣಾ ಆಟಗಾರ ಹುವಾನನ್ ಮೂರನೆಯದು ಸೇರಿಸಿದರು. 3-1ರಿಂದ ಗೆದ್ದ ಬೆಂಗಳೂರು ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ತಂಡಕ್ಕೆ 0-1ರಿಂದ ಸೋತರೂ ಆ ರಾತ್ರಿಯ ನೆನಪು ಊರಿನಲ್ಲಿ ಉಳಿಯಿತು.

ಕಂಠೀರವ ಕಹಿಯನ್ನೂ ಕಂಡಿತು. 2018ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್ ಇಲ್ಲೇ ನಡೆದಾಗ ತವರಿನ ಪ್ರೇಕ್ಷಕರ ಎದುರೇ ಬೆಂಗಳೂರು ಚೆನ್ನೈಯಿನ್‌ಗೆ 2-3ರಿಂದ ಸೋತಿತು. 2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್ ಹೆಚ್ಚುವರಿ ಅವಧಿಗೆ ಹೋಗಿತ್ತು. ಎದುರಾಳಿಗಳು ಗೋಡೆ ಕಟ್ಟಿ ಮುಗಿಸುವ ಮುನ್ನವೇ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಗಳಿಸಿದರು. ರೆಫರಿ ಅದನ್ನು ಮಾನ್ಯ ಮಾಡಿದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಅಂಗಳದಿಂದ ಹೊರಕ್ಕೆ ಕರೆದೊಯ್ದರು. ಪಂದ್ಯ ಅಲ್ಲಿಗೇ ಮುಗಿಯಿತು. ಆಮೇಲೆ ಕೇರಳ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು.

ಅದೇ ವರ್ಷದ ಮಳೆಗಾಲದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಕಂಠೀರವಕ್ಕೆ ಬಂತು. ಜೂನ್ 21ರಂದು ಭಾರತ ಪಾಕಿಸ್ತಾನವನ್ನು 4-0ಯಿಂದ ಸೋಲಿಸಿತು; ಛೆಟ್ರಿ ಹ್ಯಾಟ್ರಿಕ್ ಹೊಡೆದರು. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಮೊದಲು ಗೋಲು ಹೊಡೆಯಿತು, ಭಾರತದ ಛಾಂಗ್ಟೆ ಸಮ ಮಾಡಿದರು. ಪೆನಾಲ್ಟಿ ಶೂಟೌಟ್‌ನಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಒದೆತವನ್ನು ತಡೆದಾಗ ಭಾರತಕ್ಕೆ 5-4ರ ಗೆಲುವು, ಒಂಬತ್ತನೆಯ ಸ್ಯಾಫ್ ಪ್ರಶಸ್ತಿ. ಕ್ರಿಕೆಟ್ಟಿನ ಊರೆಂದು ಹೆಸರಾದ ಬೆಂಗಳೂರಿನಲ್ಲಿ ಫುಟ್‌ಬಾಲ್ ನೋಡಲು ಅಂಥ ಜನಸಾಗರ ಸೇರಿತ್ತು.

ಟ್ರ್ಯಾಕ್‌ನವರ ದೂರು

ಗ್ಯಾಲರಿಯ ಹಾಡಿನ ಕೆಳಗೆ ಇನ್ನೊಂದು ದನಿ ಇತ್ತು. ಕಂಠೀರವ ರಾಜ್ಯ ಸರ್ಕಾರದ ಆಸ್ತಿ, ಅದರ ಉಸ್ತುವಾರಿ ಕ್ರೀಡಾ ಇಲಾಖೆಯದು. ವೃತ್ತಿಪರ ಫುಟ್‌ಬಾಲ್ ಬಂದ ಮೇಲೆ ಅಥ್ಲೆಟಿಕ್ಸ್ ಕೋಚ್‌ಗಳು ಮತ್ತು ಮಾಜಿ ಅಥ್ಲೀಟ್‌ಗಳು ತಕರಾರು ಎತ್ತಿದರು. ಪಂದ್ಯದ ದಿನವಷ್ಟೇ ಅಲ್ಲದೆ ಅದರ ಹಿಂದು ಮುಂದಿನ ದಿನಗಳಲ್ಲೂ ಅಭ್ಯಾಸಕ್ಕೆ ಅಡ್ಡಿ. ಹುಲ್ಲು ಹಾಳಾಗುತ್ತದೆಂದು ಎಸೆತದ ಸ್ಪರ್ಧಿಗಳಿಗೆ ಮೈದಾನವಿಲ್ಲ. ಸಾಮಾನು ಸಾಗಿಸುವ ಗಾಡಿಗಳಿಂದ ಟ್ರ್ಯಾಕ್‌ಗೆ ಹಾನಿ. ಜನರ ತೆರಿಗೆಯಿಂದ ಕಟ್ಟಿದ ಅಂಗಳ ಖಾಸಗಿ ಕ್ಲಬ್ಬಿನ ಪಾಲಾಗಿದೆ. ಪ್ರತಿಭಟನೆಗಳು ನಡೆದವು, ವಿವಾದ ಹೈಕೋರ್ಟ್ ಮೆಟ್ಟಿಲನ್ನೂ ಏರಿತು.

ಫುಟ್‌ಬಾಲ್ ಕಡೆಯವರ ವಾದದಲ್ಲೂ ಹುರುಳಿತ್ತು. ಖಾಲಿ ಇದ್ದ ಗ್ಯಾಲರಿಗೆ ಜನರನ್ನು ತಂದದ್ದು ತಾವು. ಹುಲ್ಲು ಬೆಳೆಸಿದ್ದು, ಅಂಗಳವನ್ನು ಏಷ್ಯಾ ಮಟ್ಟದ ಪಂದ್ಯಗಳಿಗೆ ಅಣಿಗೊಳಿಸಿದ್ದು ತಮ್ಮ ಆಟ. ಎಎಫ್‌ಸಿ ಕಪ್ ನಡೆಸುವವರು ಕೇಳುವ ದೀಪ, ಡ್ರೆಸ್ಸಿಂಗ್ ಕೊಠಡಿ, ಆಸನ ವ್ಯವಸ್ಥೆ ಇರುವ ಇನ್ನೊಂದು ಅಂಗಳ ಊರಿನಲ್ಲಿ ಎಲ್ಲಿದೆ? ಅಥ್ಲೀಟ್‌ಗಳ ಪ್ರಶ್ನೆಯೂ ಅದೇ ಆಗಿತ್ತು. ಜ್ಞಾನಭಾರತಿಯ ಕ್ರೀಡಾ ಪ್ರಾಧಿಕಾರದಲ್ಲಿ ಟ್ರ್ಯಾಕ್ ಇದೆ ನಿಜ. ನಗರದ ಪೂರ್ವದ ಬಡಾವಣೆಯಿಂದ ಬೆಳಗಿನ ಐದಕ್ಕೆ ಅಲ್ಲಿಗೆ ಹೋಗಿ ಶಾಲೆಯ ಹೊತ್ತಿಗೆ ಮರಳುವ ಮಗು ಯಾವುದು? ಇಬ್ಬರದೂ ನ್ಯಾಯವಾದ ಬೇಡಿಕೆ, ಇರುವುದು ಒಂದೇ ಅಂಗಳ. ತೋಟಗಾರರು ಮತ್ತು ಪೋಲೊ ಸವಾರರ ನಡುವಣ ಹಳೆಯ ವ್ಯಾಜ್ಯ ಶತಮಾನ ದಾಟಿ ಅದೇ ನೆಲದಲ್ಲಿ ಮರುಕಳಿಸಿತು. ಒಂದು ವ್ಯತ್ಯಾಸವಿದೆ: ಕೆರೆಯ ವಿಷಯದಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕಿತ್ತು. ಕ್ರೀಡಾಂಗಣದಲ್ಲಿ ಹಾಗೇನೂ ಇಲ್ಲ. ಬೆಳಗು ಒಬ್ಬರದು, ಸಂಜೆ ಇನ್ನೊಬ್ಬರದು ಎಂದು ಹಂಚಬಹುದು.

ಹಂಚಲು ಸಾಧ್ಯ ಎಂಬುದಕ್ಕೆ ಪುರಾವೆಯೂ ಸಿಕ್ಕಿದೆ. 2025ರ ಜುಲೈ 5ರಂದು ‘ನೀರಜ್ ಚೋಪ್ರಾ ಕ್ಲಾಸಿಕ್’ ಜಾವೆಲಿನ್ ಸ್ಪರ್ಧೆ ಕಂಠೀರವದಲ್ಲಿ ನಡೆಯಿತು. ಮೊದಲು ಹರಿಯಾಣದ ಪಂಚಕುಲಾದಲ್ಲಿ ಎಂದು ಗೊತ್ತಾಗಿದ್ದ ಕೂಟ ಅಲ್ಲಿನ ದೀಪಗಳ ಬೆಳಕು ಸಾಲದೆಂದು ಬೆಂಗಳೂರಿಗೆ ಬಂತು; ಮೇ ತಿಂಗಳಲ್ಲಿ ಆಗಬೇಕಾಗಿದ್ದು ಗಡಿಯ ಉದ್ವಿಗ್ನತೆಯಿಂದ ಜುಲೈಗೆ ಹೋಯಿತು. 2016ರ ಒಲಿಂಪಿಕ್ ಚಾಂಪಿಯನ್ ಥಾಮಸ್ ರೋಲರ್, 2015ರ ವಿಶ್ವ ಚಾಂಪಿಯನ್ ಕೀನ್ಯಾದ ಜೂಲಿಯಸ್ ಯೆಗೊ ಬಂದಿದ್ದರು. ನೀರಜ್ 86.18 ಮೀಟರ್ ಎಸೆದು ಗೆದ್ದರು. ಫುಟ್‌ಬಾಲಿಗೆಂದು ಜತನ ಮಾಡಿದ ಹುಲ್ಲಿನ ಮೇಲೆ ಜಾವೆಲಿನ್‌ಗಳು ಬಿದ್ದವು, ಕೇವಲ ಒಂದು ಅಥ್ಲೆಟಿಕ್ಸ್ ಸ್ಪರ್ಧೆ ನೋಡಲು ಟಿಕೆಟ್ ಕೊಂಡು ಸಾವಿರಾರು ಜನ ಕುಳಿತರು.

ಆಟವಿಲ್ಲದ ದಿನಗಳು

ಕಂಠೀರವದ ಹೆಸರು ಆಟದ ಗಂಧಗಾಳಿ ಇಲ್ಲದ ಮನೆಗಳಿಗೂ ತಲುಪಿದ್ದು ಬೇರೆ ಕಾರಣಕ್ಕೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಪಾರ್ಥಿವ ಶರೀರವನ್ನು ಸಾರ್ವಜನಿಕರ ದರ್ಶನಕ್ಕೆ ಇಲ್ಲಿಗೆ ತಂದರು. ಸಿದ್ಧತೆಗೆ ಸಮಯವಿರಲಿಲ್ಲ, ಜನ ಎಣಿಕೆ ಮೀರಿದ್ದರು. ದುಃಖ ಗಲಭೆಗೆ ತಿರುಗಿತು. ನಗರದಲ್ಲಿ ಗುಂಡು ಹಾರಿತು, ಜೀವಗಳು ಹೋದವು. 2018ರ ನವೆಂಬರ್‌ನಲ್ಲಿ ಅಂಬರೀಷ್ ನಿಧನರಾದಾಗ ಆ ಪಾಠ ನೆನಪಿನಲ್ಲಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತನೆ ಅಗಲಿದಾಗ ನಾಡಿನ ಮೂಲೆಮೂಲೆಗಳಿಂದ ಲಕ್ಷಾಂತರ ಜನ ಬಂದು ಹಗಲು ರಾತ್ರಿ ಸಾಲಿನಲ್ಲಿ ಸಾಗಿದರು. ಒಂದು ಬಾಗಿಲಿನಿಂದ ಒಳಗೆ, ಇನ್ನೊಂದರಿಂದ ಹೊರಗೆ ಎಂಬ ಕ್ರೀಡಾಂಗಣದ ಏರ್ಪಾಡು ಅಂದು ಕೆಲಸಕ್ಕೆ ಬಂತು. ಅಕ್ಟೋಬರ್ 31ರ ನಸುಕಿನಲ್ಲಿ ಅಂತಿಮಯಾತ್ರೆ ಇಲ್ಲಿಂದ ಕಂಠೀರವ ಸ್ಟುಡಿಯೊಗೆ ಹೊರಟಿತು. ತಂದೆಯ ಸಮಾಧಿಯೂ ಅಲ್ಲೇ ಇದೆ.

ಸಡಗರದ ದಿನಗಳೂ ಕಡಿಮೆಯಿಲ್ಲ. 2013ರ ಮೇ 13ರಂದೂ 2023ರ ಮೇ 20ರಂದೂ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ರಾಜಭವನದ ಗಾಜಿನ ಮನೆಯಲ್ಲಲ್ಲ, ಕಂಠೀರವದಲ್ಲಿ. ನವೆಂಬರ್ 1ರ ಕನ್ನಡ ರಾಜ್ಯೋತ್ಸವಕ್ಕೆ ಶಾಲಾ ಮಕ್ಕಳು ಇಲ್ಲಿ ಸಾಲಾಗಿ ನಿಂತು ಕವಾಯತು, ನೃತ್ಯ ಪ್ರದರ್ಶಿಸುತ್ತಾರೆ; ಅವರಲ್ಲಿ ಅನೇಕರಿಗೆ ದೊಡ್ಡ ಕ್ರೀಡಾಂಗಣದೊಳಗೆ ಕಾಲಿಡುವ ಮೊದಲ ಅವಕಾಶ ಅದು. ಪಕ್ಕದ ಒಳಾಂಗಣದಲ್ಲಿ ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್ ಆಡಿದೆ. 2019ರಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ನಡೆದು ಜಪಾನ್ ಚಾಂಪಿಯನ್ ಆಯಿತು. ಅಂಗಳದ ಟ್ರ್ಯಾಕ್ ಮೇಲೆ ವೇದಿಕೆಯ ಕಂಬ ನೆಟ್ಟಾಗ, ಹುಲ್ಲಿನ ಮೇಲೆ ಕುರ್ಚಿ ಹಾಕಿದಾಗ ಅಥ್ಲೀಟ್ ಮತ್ತು ಫುಟ್‌ಬಾಲಿಗ ಇಬ್ಬರೂ ಒಟ್ಟಿಗೆ ಬೇಸರಪಡುತ್ತಾರೆ. ಅವರಿಬ್ಬರೂ ಒಂದಾಗುವ ವಿಷಯ ಅದೊಂದೇ.

ಇದ್ದ ಒಂದು ಸಾಲದು

ಊರ ನಡುವಣ ದೊಡ್ಡ ಸಾರ್ವಜನಿಕ ಬಯಲಿಗೆ ಇಷ್ಟೆಲ್ಲ ಕೆಲಸ ಬೀಳುವುದು ಸಹಜ. ಜನ ಸೇರಬೇಕಾದಾಗ ಸೇರಲು ಒಂದು ಜಾಗ ಬೇಕು. ಅಳಲೂ ಬೇಕು, ಕುಣಿಯಲೂ ಬೇಕು. ಒಂದು ಕೋಟಿಗೂ ಹೆಚ್ಚು ಜನರಿರುವ ನಗರದ ಕೇಂದ್ರದಲ್ಲಿ ಅಂತರರಾಷ್ಟ್ರೀಯ ಅಳತೆಯ ಟ್ರ್ಯಾಕ್ ಇರುವ ಇಂಥ ಕ್ರೀಡಾಂಗಣ ಒಂದೇ ಇದೆ ಎಂಬುದು ಮಾತ್ರ ಸಹಜವಲ್ಲ. 1997ರ ನಂತರ ಬೆಂಗಳೂರು ಎಷ್ಟು ಪಟ್ಟು ಬೆಳೆಯಿತು, ಅದರ ಬಯಲುಗಳು ಎಷ್ಟು ಕುಗ್ಗಿದವು ಎಂಬುದನ್ನು ನೋಡಿದರೆ ಕಂಠೀರವದ ಮೇಲಿನ ಜಗಳಕ್ಕೆ ಓಟಗಾರರೂ ಕಾರಣರಲ್ಲ, ಫುಟ್‌ಬಾಲಿಗರೂ ಅಲ್ಲ ಎಂದು ತಿಳಿಯುತ್ತದೆ. ಎರಡನೆಯ, ಮೂರನೆಯ ಕಂಠೀರವವನ್ನು ಕಟ್ಟದೆ ಹೋದವರು ಅದಕ್ಕೆ ಹೊಣೆ.

ಹೊಸ ಅಂಗಳಗಳು ಬರುವವರೆಗೆ ಮಾಡಬಹುದಾದದ್ದು ಸರಳವಾಗಿದೆ. ಯಾವ ದಿನ ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಬಾಡಿಗೆಗೆ ಎಂಬ ವರ್ಷದ ವೇಳಾಪಟ್ಟಿ ಮುಂಚಿತವಾಗಿ ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟವಾಗಲಿ. ಶಾಲಾ ಮಕ್ಕಳ ಬೆಳಗಿನ ಅಭ್ಯಾಸದ ಹೊತ್ತನ್ನು ಯಾವ ಪಂದ್ಯಕ್ಕೂ, ಯಾವ ಸಮಾರಂಭಕ್ಕೂ ಮುಟ್ಟದಿರಲಿ. ಬಾಡಿಗೆಯ ಹಣ ಟ್ರ್ಯಾಕ್ ಮತ್ತು ಹುಲ್ಲಿನ ದುರಸ್ತಿಗೇ ಹೋಗಲಿ. ಸಂಪಂಗಿ ಕೆರೆಯ ಕಾಲದಲ್ಲಿ ಜೋರು ದನಿಯವರ ಮಾತು ನಡೆದು ತೋಟಗಾರರು ನೀರು ಕಳೆದುಕೊಂಡರು. ಅದೇ ನೆಲದಲ್ಲಿ ಬೆಳಗಿನ ಬಸ್ ಹಿಡಿದು ಬರುವ ಹುಡುಗಿ ತನ್ನ ಲೇನನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ, ಕೇಳಿ ಪಡೆಯುವುದು ಊರಿನವರ ಕೆಲಸ.